ತಲ್ಯಾಗಿಂದ ಬರೀರಿ ಅಂದ್ರ

ಸಣ್ಣ ಹುಡುಗ್ರಿಗೆ ಬರಿಯೂದು ಕಲಿಸೂ ಮಂದಿ ನಗಿ ಹುಡಿಕ್ಕೊಂಡು ಹೋಗೂದ ಬ್ಯಾಡ. ದಿನಾ ಒಂದಿಲ್ಲೊಂದು ತಾನಾಗೇ ಬಂದು ಮುಂದಿನ ಬೆಂಚಿನ ಮ್ಯಾಗ ಕುಂತಿರತೈತಿ. ನಾನು ರಾಣೆಬೆನ್ನೂರಾಗ ಬಸ್ ಹತ್ತಿ ಮೋಟೆಬೆನ್ನೂರ ಕಡೆ ಒಂದು ಸಣ್ಣ ಸಾಲಿಗೆ ಹೋಗಾಕಿ. ನಾಕನೇ ಕ್ಲಾಸಿನ ಮಕ್ಕಳು ನನ್ನ ಪಾಲಿಗೆ. ಮಧ್ಯಾಹ್ನ ಬಿಸಿಯೂಟ ಆದ ಮ್ಯಾಲ ಬ್ಯಾಡಗಿ ಕಡಿಂದ ಮೆಣಸಿನಕಾಯಿ ವಾಸನಿ ಗಾಳ್ಯಾಗ ತೇಲಿ ಬರತೈತಿ. ಗಿಡದ ನೆರಳು ಕಿಡಕ್ಯಾಗಿಂದ ಒಳಗ ಬಂದು ಹುಡುಗ್ರ ಬೆನ್ನ ಮ್ಯಾಗ ಮೆಲ್ಲಕ ಆಡತೈತಿ. ಎಚ್ಚರ ಎಲ್ಲಿ ಮುಗೀತು, ಕನಸು ಎಲ್ಲಿ ಸುರು ಆತು, ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆ ಹೊತ್ತಿನ್ಯಾಗ ನಾನು ಅವರ ಕಡಿಂದ ಬರಸ್ತೇನಿ.

ಅವರೊಳಗ ಒಬ್ಬಾಕಿ ಹುಡುಗಿ ಇದ್ದಳು. ಮನ್ಯಾಗ ಉರ್ದು, ಸಾಲ್ಯಾಗ ಕನ್ನಡ. ಬೋರ್ಡ್ ನೋಡಿ ಬರದ್ರ ಅಕ್ಷರ ಕಣ್ಣಿಗೆ ಒತ್ಗೊಳ್ಳೂ ಹಂಗ. "ನಿಂದ ಒಂದು ಮಾತು ಬರಿಯವ್ವಾ" ಅಂದ್ರ ಮಾತ್ರ ಹಾಳಿ ಬೆಳ್ಳಗ. "ತಪ್ಪಾದ್ರ ನಗ್ತಾರ್ರಿ" ಅಂತ ನನ್ನ ಕಿವ್ಯಾಗ ಪಿಸುಗುಡತಿದ್ದಳು. ಬರೂ ವರ್ಷ ಆಕಿ ಬ್ಯಾಡಗಿಯ ದೊಡ್ಡ ಸಾಲಿಗೆ ಹೋಗಾಕಿ. ಈ ಅಂಜಿಕಿ ಹೊತಗೊಂಡು ಹ್ವಾದ್ರ ಹಿಂದಿನ ಬೆಂಚಿನ್ಯಾಗ ಕಳದ ಹೋಗ್ತಾಳ ಅಂತ ನನ್ನ ಜೀವಾ ಚುರ್ ಅಂತಿತ್ತು.

ನೋಡಿ ಬರಿಯೂ ಸ್ವಂತದ್ದು

ಮೊದಲನೇ ದಿನ ಬೋರ್ಡ್ ಒರಿಸಿ ನಿಂತೆ. "ಇವತ್ತು ಬೋರ್ಡ್ ಖಾಲಿ. ನಿಮ್ಮ ತಲ್ಯಾಗಿಂದ ಬರೀರಿ" ಅಂದೆ.

ಇಡೀ ಕ್ಲಾಸ್ ಕೈ ಕಟಗೊಂಡು ನನ್ನ ಮಾರಿ ನೋಡಾಕತ್ತಿತು. ಕಡೀಕ ಒಬ್ಬ ದೊಡ್ಡ ಮನಸ್ಸು ಮಾಡಿ ಎದ್ದ.

"ಅಕ್ಕೋರ, ನೀವು ಒಮ್ಮೆ ಬೋರ್ಡ್ ಮ್ಯಾಗ ಬರೀರಿ. ಅದನ್ನ ನೋಡಿ ನಾವು ಸ್ವಂತದ್ದು ಬರೀತೇವಿ."

ಎಮ್ಮಿ ಹಾಡು

ನಿಧಾನಕ ಬರಿಯಾಕ ಹತ್ತಿದ್ರು. ಮನಿ ಸುದ್ದಿ ಎಲ್ಲಾ ಹೊರಗ ಬಿತ್ತು. ಒಬ್ಬ ಹುಡುಗ, "ನಮ್ಮ ಅಪ್ಪ ಹಾಡು ಹೇಳದಿದ್ದರೆ ನಮ್ಮ ಎಮ್ಮೆ ಹಾಲು ಕೊಡುವುದಿಲ್ಲ" ಅಂತ ಬರದ. ಅದನ್ನ ನಾನು ಗ್ವಾಡಿಗೆ ಅಂಟಿಸಿದೆ.

ಮರುದಿನ ಮುಂಜಾನೆ ಅವರಪ್ಪ ಟವಲ್ ಕೊಡವಿಕೋತ ಬಾಗಲದಾಗ ನಿಂತ. ಅಯ್ಯ, ಈಗ ಜಗಳ ಅಂದಕೊಂಡೆ.

"ಏನ್ರಿ ಅಕ್ಕೋರ, ನನ್ನ ಮಗ ಅರ್ಧಾ ಬರದಾನ. ನೀವು ನೋಡಬಾರದೇನ್ರಿ? ಎಮ್ಮಿಗೆ ಒಂದು ಹಾಡು, ಆಕಳಿಗೆ ಬ್ಯಾರೆ ಹಾಡು. ಎರಡೂ ಬರೀಬೇಕಿತ್ತು."

ನಿಂತಲ್ಲೇ ಎರಡೂ ಹಾಡಿ ತೋರಿಸಿ ಹೋದ.

ಇನ್ನೂ ನೋಡಾಕತ್ತೇನ್ರಿ

ಇನ್ನೊಂದು ಮಧ್ಯಾಹ್ನ, "ಎಲ್ಲಾರೂ ಕಣ್ಣ ಮುಚ್ಚರಿ. ಏನು ಕಾಣತೈತಿ ಅದನ್ನ ಬರೀರಿ" ಅಂದೆ. ಒಬ್ಬಾಕಿಗೆ ಮೋಡದ ಮ್ಯಾಗ ರೊಟ್ಟಿ ಬಡಿಯೂ ಅಜ್ಜಿ ಕಂಡಳು, ಒಬ್ಬಗ ನೀರಾಗ ಈಜೂ ಬಸ್ ಕಂಡಿತು. ನಮ್ಮ ಅಂಜುಬುರುಕಿ ಮಾತ್ರ ಕಣ್ಣ ತಗದು ಕಿಡಕಿ ಹೊರಗ ನೋಡಕೋತ ಕುಂತಿದ್ದಳು. ಹಾಳಿ ಖಾಲಿ. ನನಗ ಅಳು ಬರೂದೊಂದ ಬಾಕಿ.

ಅಷ್ಟರಾಗ ಮೂಲ್ಯಾಗ ಒಬ್ಬ ಬೆಂಚಿನ ಮ್ಯಾಗ ತಲಿ ಇಟ್ಟು ಬಾಯಿ ತಗದು ಮಲಗಿದ್ದ. ಭುಜ ಅಲುಗಿಸಿ, "ಏ, ಬರಿಯೋ!" ಅಂದೆ.

ಅವ ಕಣ್ಣ ತಗೀಲೇ ಇಲ್ಲ. "ತಡೀರಿ ಅಕ್ಕೋರ, ಇನ್ನೂ ನೋಡಾಕತ್ತೇನಿ" ಅಂದ.

ಇಲ್ಲದ ತೋಟ

ಮುಂದ ಸಾಲಿ ನೋಡಾಕ ಸಾಹೇಬ್ರು ಬರ್ತಾರ ಅಂತ ಸುದ್ದಿ ಬಂತು. ನಮ್ಮ ಹೆಡ್ ಸರ್ 'ನಮ್ಮ ಶಾಲೆ' ಅಂತ ಒಂದು ಪ್ರಬಂಧ ಎಲ್ಲಾರಿಗೂ ಬಾಯಿಪಾಠ ಮಾಡಿಸಿದ್ರು. "ಮರ್ಯಾದಿ ಉಳೀಬೇಕ್ರಿ ಅಕ್ಕೋರ. ನಿಮ್ಮ ಸ್ವಂತದ್ದು ಆಮ್ಯಾಲ" ಅಂದ್ರು. ಹೋತು, ನಮ್ಮ ಹುಡುಗಿಗೆ ತನ್ನ ಮಾತು ನುಂಗಾಕ ಮತ್ತೊಂದು ದಾರಿ ಸಿಕ್ತು ಅಂದಕೊಂಡೆ.

ಸಾಹೇಬ್ರು ಬಂದ್ರು. 'ನಮ್ಮ ಶಾಲೆ' ಬಗ್ಗೆನೇ ಬರೀರಿ ಅಂದ್ರು. ಹೆಡ್ ಸರ್ ಮಾರಿ ಅರಳಿತು.

ಮೊದಲನೇ ಹಾಳಿ: "ನಮ್ಮ ಶಾಲೆಯ ಮುಂದೆ ಸುಂದರವಾದ ಹೂದೋಟವಿದೆ." ಎರಡನೇದೂ ಅದೇ. ಮೂರನೇದೂ ಅದೇ. ಸಾಹೇಬ್ರು ಕಿಡಕ್ಯಾಗ ಹಣಿಕಿ ಹಾಕಿದ್ರು. ಹೊರಗ ಕೆಮ್ಮಣ್ಣು, ಒಂದು ಬೇವಿನ ಗಿಡ, ಒಂದು ಆಡು.

"ತೋಟ ಎಲ್ಲೈತ್ರಿ?"

ಹೆಡ್ ಸರ್ ಕೆಮ್ಮಿದ್ರು. ಆವಾಗ ನಮ್ಮ ಹುಡುಗಿ ತಾನಾಗೇ ಎದ್ದು ಹೋಗಿ ತನ್ನ ಹಾಳಿ ಕೊಟ್ಟಳು. ಸಾಹೇಬ್ರು ದನಿ ತಗದು ಓದಿದ್ರು:

"ನಮ್ಮ ಶಾಲೆಯಲ್ಲಿ ತೋಟ ಇಲ್ಲ. ಬೇವಿನ ಮರ ಇದೆ. ಊಟ ಆದ ಮೇಲೆ ಹೆಡ್ ಸರ್ ಅದರ ಕೆಳಗೆ ಮಲಗುತ್ತಾರೆ. ಅವರು ಗೊರಕೆ ಹೊಡೆದಾಗ ಗುಬ್ಬಿಗಳು ಹಾರುತ್ತವೆ. ಸುಮ್ಮನಾದಾಗ ಮತ್ತೆ ಬಂದು ಕೂರುತ್ತವೆ. ನನಗೆ ನಮ್ಮ ಶಾಲೆ ಬಹಳ ಇಷ್ಟ."

"ಯಾರು ಹೇಳಿಕೊಟ್ರವ್ವಾ?" ಅಂದ್ರು ಸಾಹೇಬ್ರು.

"ಯಾರೂ ಇಲ್ರಿ. ನಾನ ಸ್ವಂತ ಬರದೇನಿ!"

ಆಕಿ ದನಿ ಅಷ್ಟು ದೊಡ್ಡದು ಅಂತ ನನಗ ಅವತ್ತ ಗೊತ್ತಾತು. ಖುಷಿಗೆ ಕಣ್ಣಾಗ ನೀರು ಬಂದು, ಎಲ್ಲಾರ ಮಾರಿ ಮಸುಕು ಮಸುಕು ಕಂಡವು.

ಸಾಹೇಬ್ರು ನಗು ತಡಕೊಂಡು ಹೆಡ್ ಸರ್ ಕಡೆ ತಿರುಗಿದ್ರು. "ಇದು ಖರೇ ಏನ್ರಿ?"

ಹೆಡ್ ಸರ್ ಬೇವಿನ ಗಿಡದ ಕಡೆ ನೋಡಿದ್ರು. ಆಮ್ಯಾಲ ಮೆಲ್ಲಕ ಅಂದ್ರು:

"ಮಲಗೂದು ಖರೇರಿ ಸಾಹೇಬ್ರ. ಗುಬ್ಬಿ ಹಾರೂದು ಮಾತ್ರ ನಾ ಇನ್ನೂ ನೋಡಿಲ್ರಿ."