ಮಾವನ ‘ನಸು’

ಲೋಕದಲ್ಲಿ ಎಲ್ಲರೂ ಗೋಡೆಗೆ ಒರಗುವುದು ಸುಸ್ತಾದಾಗ. ನನ್ನ ಸೋದರಮಾವ ಒರಗುವುದು ಗೋಡೆಯನ್ನು ಪರೀಕ್ಷೆ ಮಾಡಲು! ಗುಬ್ಬಿಯಲ್ಲಿ ಮನೆಗಳಿಗೆ ಬಣ್ಣ ಹೊಡೆಯುವ ಈ ಮಹಾನುಭಾವ, ಎಲ್ಲಿ ಹೋದರೂ ತನ್ನ ಬಿಳಿ ಪಂಚೆಯ ಚುಂಗನ್ನು ಗೋಡೆಗೆ ಹಿಡಿದು ತಲೆ ವಾರೆ ಮಾಡಿ ನೋಡುತ್ತಾನೆ. ಕುಣಿಗಲ್ಲಿನ ಒಂದು ಮದುವೆಯಲ್ಲಿ ಹೀಗೆ ನಿಂತವನನ್ನು ಹೆಣ್ಣಿನ ಕಡೆಯವರು, “ಬಾತ್‌ರೂಮು ಆ ಕಡೆ ಐತೆ ಯಜಮಾನ್ರೆ” ಎಂದು ಕೈಹಿಡಿದು ಕರೆದೊಯ್ದರು. ಅಲ್ಲಿನ ಗೋಡೆಯನ್ನೂ ನೋಡಿಯೇ ಬಂದ!

ನಗುತ್ತಲೇ ಬರೆಯಬೇಕೆಂದು ಕೂತಿದ್ದೇನೆ. ನೋಡೋಣ.

ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಕಂಡವನು ನಾನು. ತುಮಕೂರಿನ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ನನ್ನ ಹೊಸ ಮನೆಗೆ ಬಣ್ಣ ಹೊಡೆಯುತ್ತಾ ಮಾವ ಕೇಳಿದ:

“ಏನ್ಲಾ ಮೇಷ್ಟ್ರು, ನಸುಗೆಂಪು ಅಂತೀವಲ್ಲ, ‘ನಸು’ ಅಂದ್ರೇನು?”

ನಿಘಂಟು ತೆಗೆದೆ. “ಸ್ವಲ್ಪ, ಕೊಂಚ.”

“ಎಷ್ಟ್ ಸ್ವಲ್ಪ?”

ನಿಘಂಟಿನಲ್ಲಿ ಅಳತೆ ಇರಲಿಲ್ಲ.

“ಬಿಳೀದು ಪಕ್ಕ ಹಿಡುದ್ರೆ ಬಣ್ಣ ಕಾಣ್ಬೇಕು, ತೆಗುದ್ರೆ ಕಾಣ್ಬಾರ್ದು. ಅದು ನಸು ಕಣ್ಲಾ. ಬರ್ಕೊ!”

“ಆ ಪದ ಎಲ್ಲಿಂದ ಬಂತು, ಹೇಳು ಮತ್ತೆ?”

“ಪದ ನಿಂದು, ನೀನೇ ಹುಡುಕ್ಕೊ. ಬಣ್ಣ ಎಲ್ಲಿಂದ ಬಂತು ಅಂತ ಕೇಳು, ಹೇಳ್ತೀನಿ.”

ನಾನು ಕೇಳಲಿಲ್ಲ.

ಗೃಹಪ್ರವೇಶಕ್ಕೆ ನಮ್ಮ ಪ್ರಿನ್ಸಿಪಾಲರು ಬಂದಾಗ, ಮಾವ ಬಣ್ಣ ಸಿಡಿದ ಪಂಚೆ ಹಿಡಿದು ನಡುಮನೆಯ ಗೋಡೆಗೆ ಅಂಟಿಕೊಂಡಿದ್ದ.

“ಇವರು ಯಾರು?”

“ಪೇಂಟರ್ ಸಾರ್” ಎಂದುಬಿಟ್ಟೆ.

ಮಾವ ಕೈಮುಗಿದ. “ಹೂಂ ಸಾ, ಗುಬ್ಬಿ ಪೇಂಟ್ರು.”

ನೆಂಟರ ಪಂಕ್ತಿಯಲ್ಲಿ ಅವನು ಕೂರಲಿಲ್ಲ. ಕೊನೆಗೆ ಕೆಲಸದವರ ಜೊತೆ ಉಂಡು ಬಸ್ಸು ಹತ್ತಿದ. ಅವನಿಗೆಂದು ತಂದಿದ್ದ ಹೊಸ ಪಂಚೆ ನನ್ನ ಬೀರುವಿನಲ್ಲೇ ಉಳಿಯಿತು.

ಮೊನ್ನೆ ನನ್ನ ಡಿಗ್ರಿ ಸರ್ಟಿಫಿಕೇಟನ್ನು ತೂಗುಹಾಕಲು ಅದೇ ಗೋಡೆಗೆ ಹಿಡಿದೆ. ಇಷ್ಟು ದಿನ ಬಿಳಿ ಎಂದುಕೊಂಡಿದ್ದ ಗೋಡೆ ಆ ಹಾಳೆಯ ಪಕ್ಕದಲ್ಲಿ ನಸುಗೆಂಪಾಗಿ ಕಂಡಿತು! ಫೋನು ಮಾಡಿದೆ.

“ಮಾವಾ, ಈ ಕೆಂಪು ಎಲ್ಲಿಂದ ಬಂತು?”

“ಈಗ ಕೇಳ್ದಾ? ನಿಮ್ಮವ್ವ ಜಗಲೀಗೆ ಸಾರುಸ್ತಿದ್ಲಲ್ಲ, ಆ ಕೆಮ್ಮಣ್ಣು ಕಣ್ಲಾ. ಅಲ್ಲೇ ಕೂತು ತಾನೆ ನೀನು ಓದಿದ್ದು? ಅವಳಂತೂ ಈ ಮನೆ ನೋಡ್ನಿಲ್ಲ. ಒಂದ್ ಹಿಡಿ ಸೋಸಿ ಬೆರೆಸ್ದೆ, ಬುಡು.”

ಭಾನುವಾರ ಪ್ರಿನ್ಸಿಪಾಲರನ್ನು ಊಟಕ್ಕೆ ಕರೆದಿದ್ದೇನೆ. ಬೆಳಿಗ್ಗೆಯೇ ಗುಬ್ಬಿಗೆ ಹೋಗಿ, ಆ ಪಂಚೆ ಕೊಟ್ಟು ಮಾವನನ್ನು ಕರೆತರಬೇಕು. ಬರುತ್ತಾನೋ ಇಲ್ಲವೋ ಗೊತ್ತಿಲ್ಲ. ಬಂದರೆ ಗೋಡೆಗೇ ಒರಗಿ ನಿಲ್ಲಲಿ. ಇವರು ಯಾರು ಎಂದು ಯಾರಾದರೂ ಕೇಳುವ ಮೊದಲೇ ನಾನು ಹೇಳಬೇಕು.