ಸೊನ್ನೆಯ ಗೂಡಿನಲ್ಲಿ ನೂಕುನುಗ್ಗಲು

ಹುಡುಕುವ ಕೆಲಸವೆಂದರೆ ನನಗೆ ಮೊದಲಿನಿಂದಲೂ ಆಗದು. ಕರೆಂಟು ಹೋದ ಕತ್ತಲಲ್ಲೂ ನನ್ನ ಕೈ ನೆಟ್ಟಗೆ ಜೀರಿಗೆ ಡಬ್ಬಿಯ ಮೇಲೆ ಹೋಗಬೇಕು, ಮೆಂತ್ಯದ ಮೇಲಲ್ಲ. ನಮ್ಮ ಯಜಮಾನರದು ಬೇರೆ ಪಂಥ. ಕನ್ನಡಕವನ್ನು ತೋಚಿದಲ್ಲಿ ಬಿಟ್ಟು, ಆಮೇಲೆ ನಡುಮನೆಯಲ್ಲಿ ನಿಂತು "ಎಲ್ಲೇ ಇಟ್ಟೆ?" ಎಂದು ನನ್ನನ್ನು ಕೇಳುವುದೇ ಅವರು ಹುಡುಕುವ ರೀತಿ. ಅವರ ಮಟ್ಟಿಗೆ ಅದು ಬಹಳ ವೇಗದ ರೀತಿ ಎಂದು ಒಪ್ಪಿಕೊಳ್ಳಲೇಬೇಕು. ಕೂಗಿದರೆ ಸಾಕು, ಕನ್ನಡಕ ನಡೆದು ಬರುತ್ತದೆ.

ಹಾಗಾಗಿ, ಸಕಲೇಶಪುರಕ್ಕೆ ಬಸ್ಸಿನಲ್ಲಿ ಹೋಗಿ ಕಂಪ್ಯೂಟರ್ ಕಲಿಯುತ್ತಿದ್ದ ದಿನಗಳಲ್ಲಿ ಹ್ಯಾಶಿಂಗ್ ಎಂಬುದರ ಪರಿಚಯವಾದಾಗ, ತವರಿನವರು ಸಿಕ್ಕಷ್ಟು ಸಂತೋಷವಾಯಿತು. ವಿಷಯ ಇಷ್ಟೇ. ಒಂದು ವಸ್ತುವಿಗೆ ಇರುವ ನಂಬರಿನಿಂದಲೇ ಒಂದು ಪುಟ್ಟ ಲೆಕ್ಕ ಮಾಡಿ, ಅದು ಯಾವ ಗೂಡಿಗೆ ಸೇರಬೇಕೆಂದು ತೀರ್ಮಾನಿಸುವುದು. ಇಡುವಾಗಲೂ ಅದೇ ಲೆಕ್ಕ, ತೆಗೆಯುವಾಗಲೂ ಅದೇ ಲೆಕ್ಕ. ನಡುವೆ ಹುಡುಕಾಟವೇ ಇಲ್ಲ. ಲೆಕ್ಕ ಮಾತ್ರ ಎಲ್ಲರನ್ನೂ ಬೇರೆ ಬೇರೆ ಗೂಡಿಗೆ ಹಂಚುವಂತಿರಬೇಕು. ಈ ಕೊನೆಯ ಮಾತನ್ನು ಮೇಷ್ಟರು ಹೇಳುವಾಗ ನಾನು ಬಸ್ಸಿನ ಹೊತ್ತಾಯಿತೆಂದು ಚಪ್ಪಲಿ ಮೆಟ್ಟುತ್ತಿದ್ದೆ.

ಬಾಳ್ಳುಪೇಟೆಯ ಕಾಫಿ ಗೋದಾಮೊಂದರಲ್ಲಿ ನಾನು ಟೈಪಿಸ್ಟು. ಮಾಲೀಕರು ಅನ್ವರ್ ಸಾಹೇಬರು. ಅವರ ತಲೆ ತಿಂದು ತಿಂದು ಒಂದು ಹಳೆಯ ಕಂಪ್ಯೂಟರ್ ತರಿಸಿದವಳು ನಾನೇ. ಬೆಳೆಗಾರ ಬಂದು ತನ್ನ ನಂಬರ್ ಹೇಳಿದರೆ, ಅವನ ಮೂಟೆಗಳು ಗೋದಾಮಿನ ಯಾವ ಸಾಲಿನಲ್ಲಿವೆ ಎಂಬ ಚೀಟಿ ಹೊರಬರಬೇಕು. ಇದಕ್ಕಾಗಿ ಸಿ ಭಾಷೆಯಲ್ಲಿ ನಾನೇ ಪ್ರೋಗ್ರಾಂ ಬರೆದೆ. ನೂರು ಗೂಡು ಮಾಡಿದೆ. ಮುದಿ ಯಂತ್ರಕ್ಕೆ ದೊಡ್ಡ ಲೆಕ್ಕ ಯಾಕೆ ಹೊರಿಸುವುದೆಂದು, ನಂಬರಿನ ಕೊನೆಯ ಎರಡು ಅಂಕೆಯನ್ನೇ ಗೂಡಿನ ಗುರುತು ಮಾಡಿದೆ. ಇದಕ್ಕಿಂತ ವೇಗದ ಲೆಕ್ಕ ಪ್ರಪಂಚದಲ್ಲಿ ಇರಲಾರದು ಎಂದುಕೊಂಡೆ. ಮನಸ್ಸಿಗೆ ಬಂದ ನಂಬರುಗಳನ್ನು ಕೊಟ್ಟು ಪರೀಕ್ಷಿಸಿದಾಗ ಉತ್ತರ ಮಿಂಚಿನ ಹಾಗೆ ಬಂತು.

ಕುಯ್ಲು ಮುಗಿದು ಜೀಪು, ಪಿಕಪ್ಪುಗಳು ಸಾಲುಗಟ್ಟಿದ ಮೇಲೆ ಮಿಂಚು ಮಾಯವಾಯಿತು. ನಂಬರ್ ಒತ್ತಿದರೆ ಫ್ಲಾಪಿಯ ಡ್ರೈವು ಕರ್ರ್ ಕರ್ರ್ ಎಂದು ಕೆರೆಯುತ್ತಲೇ ಇರುತ್ತಿತ್ತು. ಜನ ಎದುರಿನ ಹೋಟೆಲಿಗೆ ಹೋಗಿ ಟೀ ಕುಡಿದು, ಬೀಡಿ ಸೇದಿ ಬಂದರೂ ಕೆರೆತ ನಿಂತಿರುತ್ತಿರಲಿಲ್ಲ.

"ಏನವ್ವ, ನಿನ್ನ ಪೆಟ್ಗೆಗೆ ಕಜ್ಜಿ ಆಗೈತಾ?" ಎಂದು ಕಿಟಕಿಯಲ್ಲಿ ಕೇಳಿದವರು ಹೆಗ್ಗದ್ದೆಯ ಪುಟ್ಟೇಗೌಡರು.

"ಹುಡುಕ್ತಾ ಇದೆ ಗೌಡ್ರೇ."

"ನಾನೇ ಗೋದಾಮಿಗೆ ಹೋಗಿ ಒಂದೊಂದ್ ಮೂಟೆ ಮೂಸಿ ನೋಡಿದ್ರೂ ಇಷ್ಟ್ ಹೊತ್ತಿಗೆ ಸಿಕ್ಬುಡೋದು ಕಣವ್ವ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಸಾಹೇಬರು ನಗಲಿಲ್ಲ. ಸಂಜೆ ನನ್ನನ್ನು ಕರೆದು, "ನೋಡಿ ಮೇಡಂ, ಸೋಮವಾರ ಇನ್ನೂ ಜನ ಬರ್ತಾರೆ. ಅಷ್ಟ್ರಲ್ಲಿ ಸರಿ ಹೋಗ್ಲಿಲ್ಲ ಅಂದ್ರೆ ಇದನ್ನ ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕ್ಬುಡ್ತೀನಿ. ನೀವು ನಿಮ್ಮ ಟೈಪ್ ಮಿಷನ್ನಿಗೆ ಹೋಗಿ" ಎಂದರು. ಆ ಟೈಪ್ ಮಿಷನ್ನಿಗೆ ಹಿಂದಿರುಗುವುದಿಲ್ಲವೆಂದು ನಾನು ನೆಂಟರಿಗೆಲ್ಲ ಹೇಳಿಯಾಗಿತ್ತು.

ಮರುದಿನ ಗೂಡುಗಳನ್ನು ಒಂದೊಂದಾಗಿ ಇಣುಕಿದೆ. ತೊಂಬತ್ತೊಂಬತ್ತು ಗೂಡು ಗುಡಿಸಿಟ್ಟ ಹಾಗೆ ಖಾಲಿ. ಸೊನ್ನೆಯ ಗೂಡಿನಲ್ಲಿ ಇಡೀ ತಾಲ್ಲೂಕಿನ ಬೆಳೆಗಾರರು ಒಬ್ಬರ ಹೆಗಲ ಮೇಲೊಬ್ಬರು ಕೂತಿದ್ದರು. ಯಾರ ನಂಬರ್ ಒತ್ತಿದರೂ ಯಂತ್ರ ಅಷ್ಟೂ ಜನರನ್ನು ಮಾತಾಡಿಸಿಕೊಂಡು ಬರಬೇಕಿತ್ತು. ನಂಬರುಗಳನ್ನು ನೋಡಿದರೆ ನೂರು, ಇನ್ನೂರು, ಮುನ್ನೂರು; ಎಲ್ಲರ ಬಾಲದಲ್ಲೂ ಎರಡು ಸೊನ್ನೆ.

ನಂಬರ್ ಕೊಡುವವರು ನಮ್ಮ ರೈಟರ್ ಸಿದ್ದಪ್ಪನವರು. ಹೋಗಿ ಕೇಳಿದೆ.

"ಒಂದೊಂದ್ ಮನೆಗೂ ನೂರು ಬಿಟ್ಟಿವ್ನಿ ಕಣಮ್ಮ. ನಾಳೆ ಅಣ್ಣ ತಮ್ಮಂದ್ರು ಪಾಲಾಯ್ತಾರೆ. ತಮ್ಮಂಗೆ ಮುನ್ನೂರ ಒಂದು, ಅವ್ನ ತಮ್ಮಂಗೆ ಮುನ್ನೂರ ಎರಡು, ಹಂಗೆ."

"ಪಾಲಾದವರು ಇದಾರಲ್ಲ, ಮುನ್ನೂರ ಒಂದು ಎಲ್ಲಿ?"

ಸಿದ್ದಪ್ಪನವರು ಎಲೆಯಡಿಕೆಯನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ದಾಟಿಸಿದರು. "ಯಾವನ್ ತಗೋತಾನೆ? 'ನಾನೇನು ನಮ್ಮಣ್ಣನ ಬಾಲವಾ, ನಂಗೂ ಪೂರ್ತಿ ನಂಬರೇ ಬೇಕು' ಅಂತ ಕುಂತ್ಬುಡ್ತಾರೆ. ಅದ್ಕೆ ಅವ್ರಿಗೂ ಒಂದ್ ಹೊಸ ನೂರು."

ನಂಬರ್ ಬದಲಾಯಿಸಿ ಎಂದು ಬೇಡಿಕೊಂಡೆ. "ಪಾಲಿನ ಜಗಳ ಈಗ್ತಾನೆ ತಣ್ಣಗಾಗೈತೆ ತಾಯಿ, ನೀನು ಮತ್ತೆ ಸೀಮೆಎಣ್ಣೆ ಸುರೀಬ್ಯಾಡ" ಎಂದುಬಿಟ್ಟರು.

ಸರಿ, ಮನುಷ್ಯರು ಬದಲಾಗುವುದಿಲ್ಲ, ಲೆಕ್ಕವನ್ನಾದರೂ ಬದಲಾಯಿಸೋಣವೆಂದು ಮೇಷ್ಟರ ಬಳಿ ಓಡಿದೆ. ಈ ಸಲ ಚಪ್ಪಲಿಯನ್ನು ಹೊರಗೇ ಬಿಟ್ಟು ಪೂರ್ತಿ ಕೇಳಿದೆ. ನಂಬರನ್ನು ಒಂದು ಭಾರಿ ಬೆಸ ಸಂಖ್ಯೆಯಿಂದ ಗುಣಿಸಬೇಕು. ಉತ್ತರ ಯಂತ್ರದ ಅಳತೆ ಮೀರಿ ಉಕ್ಕಿ ಚೆಲ್ಲುತ್ತದೆ, ಚೆಲ್ಲಲಿ. ಉಳಿದದ್ದರಲ್ಲಿ ಬಾಲದ ಅಂಕೆ ಬಿಟ್ಟು ಎಡತುದಿಯ ಅಂಕೆಗಳನ್ನು ಗೂಡಿನ ಗುರುತಾಗಿ ಹಿಡಿಯಬೇಕು. ಒಂದೇ ಒಂದು ಗುಣಾಕಾರ. ಅಕ್ಕಪಕ್ಕದ ನಂಬರಿನ ಅಣ್ಣ ತಮ್ಮಂದಿರು ಮುಖ ನೋಡದಷ್ಟು ದೂರದ ಗೂಡುಗಳಿಗೆ ಹೋಗಿ ಬೀಳುತ್ತಾರೆ. ಅವರಿಗೂ ಬೇಕಾಗಿದ್ದದ್ದು ಅದೇ.

ದಿನದ ಚೀಟಿಗಳನ್ನೆಲ್ಲ ಕೂಡಿಸುವ ಸಂಜೆಯ ಒಟ್ಟು ಲೆಕ್ಕಕ್ಕೆ ಬರೆದ ಪ್ರೋಗ್ರಾಮಿನಲ್ಲೂ ಇದೇ ರೋಗವಿತ್ತು. ಅಲ್ಲಿ ರೈಟರ ಕೈ ಸೋಕಿರಲೇ ಇಲ್ಲ; ಪ್ರತಿ ಚೀಟಿಯೂ ಕಂಪ್ಯೂಟರಿನ ನೆನಪಿನೊಳಗೆ ಕೂತಿರುವ ಜಾಗದ ವಿಳಾಸವನ್ನೇ ನಂಬರೆಂದು ಬಳಸಿದ್ದೆ. ನೋಡಿದರೆ ಯಂತ್ರವೂ ಜಾಗ ಹಂಚುವಾಗ ಹದಿನಾರು ಹದಿನಾರು ಮನೆ ಬಿಟ್ಟೇ ಕೂರಿಸುತ್ತದೆ. ವಿಳಾಸಗಳ ಬಾಲವೆಲ್ಲ ಒಂದೇ. ಅದರೊಳಗೂ ಒಬ್ಬ ಸಿದ್ದಪ್ಪ ಇದ್ದಾನೆಂದು ಗೊತ್ತಾಯಿತು. ಅವನಿಗೂ ಅದೇ ಗುಣಾಕಾರದ ಕಷಾಯ ಕುಡಿಸಿದೆ.

ಸೋಮವಾರ ಕಿಟಕಿಯ ಮುಂದೆ ಜಾತ್ರೆ. ಸಾಹೇಬರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಮೊದಲಿಗೆ ಪುಟ್ಟೇಗೌಡರು. ಅವರು ನಂಬರ್ ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಚೀಟಿ ಹೊರಗೆ. ನಾನು ಹೊಗಳಿಕೆಗಾಗಿ ಕತ್ತು ಚಾಚಿದೆ.

ಗೌಡರು ಚೀಟಿಯನ್ನು ಮುಟ್ಟಲಿಲ್ಲ. "ಇದೇನ್ ಸಾಬ್ರೇ, ಮೊನ್ನೆವರ್ಗೂ ಅಷ್ಟೊತ್ತು ಯೋಚ್ನೆ ಮಾಡಿ ಹೇಳೋದು, ಈಗ ಬಾಯಿಗ್ ಬಂದಂಗೆ ಹೇಳ್ಬುಡ್ತೈತೆ. ಒಳಕ್ಕೋಗಿ ನೋಡ್ದಂಗೆ ಯಂಗ್ ಗೊತ್ತಾಯ್ತದೆ? ನನ್ ಮೂಟೆ ಬ್ಯಾರೆಯೋರಿಗೆ ಬರ್ದ್‌ಬುಟ್ರೆ?"

"ಹೌದು ಮಾರಾಯ" ಎಂದಿತು ಸಾಲು. ಗೋದಾಮಿಗೆ ಹೋಗಿ ಕಣ್ಣಾರೆ ಎಣಿಸಿ ಬರುತ್ತೇವೆಂದು ಒಬ್ಬೊಬ್ಬರೂ ಹಟ ಹಿಡಿದರು. ಹಿಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು.

ಮಧ್ಯಾಹ್ನ ಸಾಹೇಬರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಮೆಲ್ಲಗೆ ಕೇಳಿದರು: "ಮೇಡಂ, ಇದಕ್ಕೆ ಸ್ವಲ್ಪ ಯೋಚ್ನೆ ಮಾಡೋದು ಕಲಿಸಕ್ಕಾಯ್ತದಾ?"

ಕಲಿಸಿದೆ. ಸುಮ್ಮನೆ ಒಂದರಿಂದ ಎಣಿಸುತ್ತಾ ಕೂತು, ಎಣಿಸಿದ್ದನ್ನೆಲ್ಲ ಮರೆತುಬಿಡುವ ಎರಡು ಸಾಲು ಬರೆದು ಉತ್ತರದ ಮುಂದೆ ಕೂರಿಸಿದೆ. ಮರುದಿನ ಯಂತ್ರ ಕೆಂಪು ದೀಪ ಮಿಟುಕಿಸುತ್ತಾ ಗಂಭೀರವಾಗಿ ಕೂತು, ಆಮೇಲೆ ಚೀಟಿ ಕೊಟ್ಟಿತು. ಗೌಡರು ಅದನ್ನು ಮಡಚಿ ಜೇಬಿಗಿಟ್ಟು, "ಈಗ ಸರಿಯಾಗಿ ಕಲ್ತೀಯ ಕಣವ್ವ" ಎಂದು ನನ್ನನ್ನು ಹರಸಿ ಹೋದರು. ಕಂಪ್ಯೂಟರ್ ಅಟ್ಟ ಹತ್ತಲಿಲ್ಲ. ಸಾಹೇಬರು ಇವತ್ತಿಗೂ ಬಂದವರಿಗೆಲ್ಲ ನನ್ನ ಜಾಣತನವೆಂದು ತೋರಿಸುವುದು ಆ ಎರಡು ಸಾಲಿನ ಕೆಲಸವನ್ನೇ; ನಾನೂ ಬೇಡವೆನ್ನುವುದಿಲ್ಲ.