ಕುಮಟೆಯ ಅಳಿಯ ಸಮುದ್ರಕ್ಕೆ ಹೋದದ್ದು

ಸಮುದ್ರದ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂದು ಬಹಳ ಕಾಲ ನಂಬಿದ್ದೆ. ನಾನು ಹುಟ್ಟಿದ್ದು ಚಳ್ಳಕೆರೆಯಲ್ಲಿ, ನಿಜ. ಅಲ್ಲಿ ಮಳೆ ಬಂದರೆ ಜನ ಹೊರಗೆ ಬಂದು ನಿಂತು ನೋಡುತ್ತಾರೆ. ಆದರೆ ನಾನು ಕುಮಟೆಯ ಅಳಿಯ! ಮೂವತ್ತೆರಡು ವರ್ಷ ಹೆಂಡತಿಯ ಬಾಯಿಂದ ಸಮುದ್ರದ ಮಾತು ಕೇಳಿದವನು. ಎಷ್ಟು ಕೇಳಿಸಿಕೊಂಡಿದ್ದೆ ಎಂಬುದು ಘೋಘಾದಲ್ಲಿ ತಿಳಿಯಿತು.

ಸೂರತ್ ಪಕ್ಕದ ಹಜೀರಾದಿಂದ ದೊಡ್ಡ ಬೋಟೊಂದು ಕೊಲ್ಲಿ ದಾಟಿ ಘೋಘಾ ಎಂಬ ಸಣ್ಣ ಬಂದರಿಗೆ ಹೋಗುತ್ತದೆ. ಅದನ್ನು ಪೇಪರಿನಲ್ಲಿ ನೋಡಿದ ದಿನದಿಂದ ನನ್ನ ಹೆಂಡತಿ ಸುಮತಿ ಅದಕ್ಕೆ ‘ಕ್ರೂಸ್’ ಎಂದೇ ಹೆಸರಿಟ್ಟಿದ್ದಳು.

“ನನ್ನ ಕ್ರೂಸ್ ಯಾವಾಗ್ರಿ?”

“ರಿಟೈರ್ ಆಗಲಿ ಇರು.”

ನೌಕರಿಗೆಂದು ಸೂರತ್ ಆಚೆಯ ಊರಿಗೆ ಬಂದು ಸೇರಿದ್ದೆ; ನಾನಿಲ್ಲದಿದ್ದರೆ ಅಲ್ಲಿನ ನವರಂಗಪುರದ ನಮ್ಮ ವಿಮಾ ಕಚೇರಿ ಮುಳುಗಿಹೋಗುತ್ತದೆ ಎಂಬ ಭಾವನೆ ನನಗಿತ್ತು. ರಿಟೈರ್ ಆದೆ. ಕಚೇರಿ ಮುಳುಗಲಿಲ್ಲ. ಆ ವಾರವೇ ಸುಮತಿ ಮಣಿನಗರ ಸ್ಟೇಷನ್ ಹತ್ತಿರ ಗುಲಾಬಿ ಬಣ್ಣದ, ಹೂವಿರುವ ರಬ್ಬರ್ ಚಪ್ಪಲಿ ಕೊಂಡಳು. ಸಮುದ್ರದ ನೀರಿನಲ್ಲಿ ನಿಲ್ಲುವುದಕ್ಕೆಂದೇ. ನಾಲ್ಕು ತಿಂಗಳಲ್ಲಿ ಅವಳೇ ಹೋಗಿಬಿಟ್ಟಳು. ಚಪ್ಪಲಿ ಡಬ್ಬಿಯಲ್ಲೇ ಉಳಿಯಿತು.

ವರ್ಷದ ಕಾರ್ಯ ಮುಗಿದ ಮೇಲೆ, ಆ ಚಪ್ಪಲಿಗಾದರೂ ಸಮುದ್ರದ ನೀರು ತಾಗಿಸಿ ತರುವುದು ಎಂದು ತೀರ್ಮಾನಿಸಿದೆ.

ಪಕ್ಕದ ಮನೆಯ ಮಂಜುಳಾಬೆನ್ ದಾರಿಗೆ ಥೇಪ್ಲಾ ರೊಟ್ಟಿ ಕಟ್ಟಿಕೊಡುತ್ತಾ ಕೇಳಿದರು: “ಭಾಯ್, ಘೋಘಾ ಕಡೆಗೆ ಇಲ್ಲಿಂದಲೇ ಬಸ್ಸಿದೆಯಲ್ಲ! ಸೂರತ್‌ವರೆಗೆ ಉಲ್ಟಾ ಹೋಗಿ ಬೋಟ್ ಹತ್ತೋದು ಯಾಕೆ?”

“ಬಸ್ಸಿನಲ್ಲಿ ಹೋದರೆ ಕ್ರೂಸ್ ಆಗಲ್ಲ, ಬೆನ್.”

ಹೊರಡುವ ಮುನ್ನ ಸುಮತಿಯ ಮಾತೊಂದು ನೆನಪಾಯಿತು. “ತಿಥಿ ನೋಡ್ಕಂಡು ಸಮುದ್ರಕ್ಕೆ ಹೋಗ್ಬೇಕ್ರಿ. ನಮ್ಮಪ್ಪ ಹಾಗೇ ಹೋಗ್ತಿದ್ದ.” ಈ ಸಲವಾದರೂ ಹೇಳಿದ್ದನ್ನು ಕೇಳೋಣ ಎಂದು ಕ್ಯಾಲೆಂಡರ್ ನೋಡಿದೆ. ಹುಣ್ಣಿಮೆ ಸಿಕ್ಕಿತು. ಅದಕ್ಕಿಂತ ಒಳ್ಳೆಯ ದಿನ ಯಾವುದು!

ಬೋಟಿನಲ್ಲಿ ನಮ್ಮ ಜೊತೆ ಹತ್ತಾರು ಲಾರಿಗಳೂ ಕ್ರೂಸ್ ಬಂದಿದ್ದವು. ಮೇಲೆ ಎ.ಸಿ. ಹಾಲ್, ಜೋರು ಹಾಡು, ಟೀ. ನಾನು ಚಪ್ಪಲಿ ಡಬ್ಬಿಯನ್ನು ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿ, ನಾನು ಈಚೆ ಕುಳಿತೆ.

ಮಧ್ಯಾಹ್ನ ಘೋಘಾದಲ್ಲಿ, ಬೋಟಿಗೆಂದೇ ಸಮುದ್ರದೊಳಗೆ ದೂರ ಚಾಚಿದ ಕಟ್ಟೆಯ ಮೇಲೆ ಇಳಿದು, ಆಟೋ ಮಾಡಿಕೊಂಡು, ಊರಾಚೆಯ ದಡಕ್ಕೆ ಗಂಭೀರವಾಗಿ ನಡೆದುಹೋದೆ. ನೋಡಿದರೆ ಸಮುದ್ರವೇ ಇಲ್ಲ!

ಕಣ್ಣು ಹಾಯುವಷ್ಟು ದೂರ ಬೂದು ಬಣ್ಣದ ಕೆಸರು. ಅದರಲ್ಲಿ ದೋಣಿಗಳು ಎಮ್ಮೆಗಳ ಹಾಗೆ ಮಗ್ಗುಲಾಗಿ ಮಲಗಿದ್ದವು. ಬಹಳ ದೂರದಲ್ಲಿ ಬೆಳ್ಳಗೆ ಒಂದು ಗೆರೆ ಕಂಡಿತು. ಅದೇ ಸಮುದ್ರ ಎಂದು ಕುಮಟೆಯ ಅಳಿಯ ತಕ್ಷಣ ಗುರುತಿಸಿದ. ಡಬ್ಬಿ ಹಿಡಿದು ಅದರ ಕಡೆ ಹೊರಟ.

ದಡದಲ್ಲಿ ಮೀನು ಒಣಗಿಸುತ್ತಿದ್ದ ಹೆಂಗಸು ಕೂಗಿದಳು: “ಓ ಕಾಕಾ! ಎಲ್ಲಿಗೆ?”

“ಸಮುದ್ರಕ್ಕೆ!”

“ಅದು ಸಂಜೆ ಬರುತ್ತೆ! ನೀವು ಬನ್ನಿ ಈ ಕಡೆ!”

ಹನ್ನೊಂದನೆಯ ಹೆಜ್ಜೆಗೆ ಮೊಣಕಾಲವರೆಗೆ ಇಳಿದೆ. ಹನ್ನೆರಡನೆಯ ಹೆಜ್ಜೆ ಇರಲಿಲ್ಲ. ಡಬ್ಬಿಯನ್ನು ತಲೆಯ ಮೇಲೆ ಎತ್ತಿ ಹಿಡಿದು, ವಿಮಾ ಕಚೇರಿಯ ನಿವೃತ್ತ ಸೂಪರಿಂಟೆಂಡೆಂಟರಿಗೆ ಒಪ್ಪುವ ಗಾಂಭೀರ್ಯದಿಂದ “ಬಚಾವ್!” ಎಂದು ಕಿರುಚಿದೆ.

ಆಕೆ ಒಂದು ಹಲಗೆ ತಂದು ಹಾಸಿ, ನನ್ನ ತೋಳು ಹಿಡಿದಳು. “ಕಾಕಾ, ಚಪ್ಪಲಿ ಅಲ್ಲೇ ಬಿಡಿ. ಕಾಲು ಮಾತ್ರ ತನ್ನಿ!”

ಕಾಲು ಮಾತ್ರ ತಂದೆ.

ನಲ್ಲಿಯ ಕೆಳಗೆ ನನ್ನನ್ನು ನಿಲ್ಲಿಸಿ ತೊಳೆಯುವಾಗ ಆಕೆ ಅಂದಳು, “ಇವತ್ತು ಪೂನಮ್ ಅಲ್ವಾ? ಹುಣ್ಣಿಮೆ ಅಮಾವಾಸ್ಯೆಗೆ ನೀರು ತುಂಬಾ ದೂರ ಹೋಗುತ್ತೆ. ನಿಮ್ಮ ಮನೇಲಿ ಯಾರೂ ಹೇಳಲಿಲ್ಲವಾ?”

ಹೇಳಿದ್ದರು. ನಾನು ಅರ್ಧ ಕೇಳಿಸಿಕೊಂಡಿದ್ದೆ.

ಬರಿಗಾಲಿಗೆ ನೆಲ ಕೆಂಡವಾಗಿತ್ತು. ಬೋಟಿಗೆ ಹೊತ್ತಾಗುತ್ತಿತ್ತು. ಡಬ್ಬಿ ತೆರೆದೆ. ಒದ್ದೆ ಕಾಲುಗಳನ್ನು ಹೂವಿನ ಚಪ್ಪಲಿಗೆ ತುರುಕಿದೆ. ಕೊನೆಗೂ ಅದಕ್ಕೆ ನೀರು ತಾಗಿತು. ಘೋಘಾದ ನಲ್ಲಿ ನೀರು!

ವಾಪಸ್ ಬೋಟಿನಲ್ಲಿ ಎದುರಿನ ಹೆಂಗಸು ನನ್ನ ಹೊರಗೆ ಚಾಚಿದ ಹಿಮ್ಮಡಿಗಳನ್ನೇ ನೋಡುತ್ತಿದ್ದಳು.

“ಹೆಂಡತಿಯದು,” ಎಂದೆ.

“ಅಯ್ಯೋ, ಹೀಗೆ ಹರಿಯೋ ಹಾಗೆ ಹಾಕಿಕೊಂಡಿದ್ದೀರಲ್ಲ! ಮನೆಗೆ ಹೋದ ಮೇಲೆ ಸರಿಯಾಗಿ ಬೈಸಿಕೊಳ್ತೀರಿ ನೋಡಿ!” ಎಂದು ನಕ್ಕಳು.

ಹಾಗೇ ಆಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಕಿಟಕಿಯಾಚೆ ಸಮುದ್ರ ತುಂಬಿಕೊಂಡು ದಡಕ್ಕೆ ಬರುತ್ತಿತ್ತು. ಮಲಗಿದ್ದ ದೋಣಿಗಳೆಲ್ಲ ಎದ್ದು ಕೂತಿದ್ದವು.

ಮರುದಿನ ಮಂಜುಳಾಬೆನ್ ಬಾಗಿಲಲ್ಲೇ ಕೇಳಿದರು, “ಸಮುದ್ರ ಹೇಗಿತ್ತು, ಭಾಯ್?”

“ಇರಲಿಲ್ಲ, ಬೆನ್.”

ಅವರು ಏನೋ ಕೇಳಲು ಹೋಗಿ, ಕೆಳಗೆ ಚಪ್ಪಲಿಯ ಕಡೆ ನೋಡಿದರು. ಕುಮಟೆಯ ಅಳಿಯನ ಚಪ್ಪಲಿ ಈಗ ಸಮುದ್ರದ ತಳದಲ್ಲಿದೆ. ಕುಮಟೆಯ ಮಗಳದು ನಮ್ಮ ಬಾಗಿಲ ಬಳಿ, ಅವಳು ಚಪ್ಪಲಿ ಬಿಡುತ್ತಿದ್ದ ಜಾಗದಲ್ಲೇ ಇದೆ. ಒಂದು ಸೈಜು ದೊಡ್ಡದಾಗಿ.